ಆಧಾರ ಬೇಕು

ಕೋಟ್ಕಾ ಬಂದರಿನಲ್ಲಿ, ಎಪ್ಪತ್ತೆಂಟರ ಚಳಿಗಾಲ,
ಹಿಮ ಸೀಳುವ ಹಡಗಿನ ಮೇಲೊಂದು ಧಾರಾವಾಹಿ ತೆಗೆದೆವು.
ನನ್ನ ಕೆಲಸ ಬರೆದುಕೊಳ್ಳುವುದು:
ಕಪ್ತಾನನ ಕೋಟಿನ ಯಾವ ಗುಂಡಿ ಬಿಚ್ಚಿತ್ತು,
ಬಟ್ಟಲಲ್ಲಿ ಕಾಫಿ ಎಲ್ಲಿಯವರೆಗೆ ಇಳಿದಿತ್ತು.
ನಿನ್ನೆಯ ಸುಳ್ಳಿಗೆ ಇವತ್ತಿನ ಸುಳ್ಳು
ಹೊಲಿಗೆ ಕಾಣದಂತೆ ಕೂಡಬೇಕು, ಅಷ್ಟೇ.
ಅದಕ್ಕೆ ಸಂಬಳ ಕೊಡುತ್ತಿದ್ದರು.

ಹಡಗಿನಲ್ಲೊಂದು ಬೆಕ್ಕು. ಜನ ನೋಡಿದ್ದು ಒಂದು.
ಇದ್ದದ್ದು ಮೂರು.
ಮೊದಲನೆಯದು ಇಳಿದು ಓಡಿತು, ಎರಡನೆಯದು ಬಸುರಿ,
ಮೂರನೆಯದರ ಬಿಳಿ ಪಾದಕ್ಕೆ
ದಿನವೂ ಮಸಿ ಬಳಿದವಳು ನಾನು.
ಪರಚಿದ ಗೆರೆ ಮಣಿಕಟ್ಟಿನ ಮೇಲೆ ಇನ್ನೂ ಇದೆ.

ಗ್ರಂಥಾಲಯದ ಹುಡುಗಿ ವಿಯೆನಾ ಒಂದು ದಿನ ಹೇಳಿದಳು:
ನಿಮ್ಮ ಧಾರಾವಾಹಿಗೂ ಅಭಿಮಾನಿಗಳ ವಿಕಿ ಇದೆ, ನೋಡಿ.
ನೋಡಿದೆ.
ಮೊದಲು ಬಂದದ್ದು ಬೂಟಿನ ಜಾಹೀರಾತು.
ಮುಚ್ಚುವ ಗುರುತು ಸಾಸಿವೆಯಷ್ಟು;
ಒತ್ತಿದರೆ ನೇರ ಬೂಟಿನಂಗಡಿ.
ತಿರುಗಿ ಬಂದರೆ ತಾನೇ ಶುರುವಾದ ವಿಡಿಯೊದಲ್ಲಿ
ಯಾರೋ ಬಾಣಲೆ ಮಾರುತ್ತಿದ್ದ;
ಓದುತ್ತಿದ್ದ ಸಾಲು ಕಾಲಡಿಯ ಮಂಜುಗಡ್ಡೆ ಹಾಗೆ ಸರಿದು
ಎಲ್ಲೋ ಹೋಯಿತು.
ಕಪ್ತಾನನಿಗೆ ಹದಿನಾಲ್ಕು ಪುಟ, ಅವನ ಟೋಪಿಗೇ ಒಂದು.
ಅಡುಗೆಯವಳಿಗೆ ಒಂದೇ ಸಾಲು:
‘ಈ ಪುಟ ಅಪೂರ್ಣ. ಬೆಳೆಸಲು ನೆರವಾಗಿ.’
ಎಂಟನೇ ಕಂತಿನಲ್ಲಿ ಸತ್ತವನಿಗೆ
ಅದೇ ಪುಟದ ಕೆಳಗೆ, ಹನ್ನೊಂದರಲ್ಲಿ, ಮದುವೆ.
ಬೆಕ್ಕು ಎಂದು ಹುಡುಕಿದರೆ ಬೆಕ್ಕಿನ ತಿಂಡಿ,
ಶೇಕಡಾ ಮೂವತ್ತು ರಿಯಾಯಿತಿ.

ಅಂತೂ ಸಿಕ್ಕಿತು: ‘ಬೆಕ್ಕು. ಒಂದು. ಹೆಸರು ತಿಳಿದಿಲ್ಲ.’
ತಿದ್ದಿದೆ. ಮೂರು ಎಂದೆ, ಮಸಿ ಎಂದೆ.
ಹನ್ನೊಂದು ನಿಮಿಷ ಬಾಳಿತು.
ಹಿಮಕರಡಿ೯೪ ಎಂಬವನು ಅಳಿಸಿ ಬರೆದಿದ್ದ: ಆಧಾರ ಬೇಕು.
ನಾನೇ ಅಲ್ಲಿದ್ದೆನಪ್ಪ, ಎಂದೆ.
‘ನೆನಪು ಆಧಾರವಲ್ಲ. ನಿಯಮಗಳ ಪುಟ ಓದಿ.’
ಕೊಂಡಿ ಒತ್ತಿದೆ.
ನಿಯಮಗಳ ಪುಟವನ್ನು ಇನ್ನೂ ಯಾರೂ ಬರೆದಿರಲಿಲ್ಲ.

ಆ ರಾತ್ರಿ ಹಟಕ್ಕೆ ಒಂದು ಸುಳ್ಳು ಬರೆದೆ:
ಬೆಕ್ಕಿನ ಹೆಸರು ಹಿಲ್ಪ,
ಕ್ಯಾಮೆರಾದ ತಾಯ್ಸ್ತೊ ತನ್ನ ಚಿಕ್ಕಮ್ಮನ ಹೆಸರಿಟ್ಟದ್ದು.
ಅಡಿಯಲ್ಲಿ ಒಂದು ವಾರಪತ್ರಿಕೆ, ತಿಂಗಳು, ಪುಟ ಹತ್ತೊಂಬತ್ತು.
ಅಂಥ ಪತ್ರಿಕೆಯೇ ಇಲ್ಲ.
ಹಿಮಕರಡಿ ಧನ್ಯವಾದ ಹೇಳಿ
ಒಂದು ಕಾಗುಣಿತ ತಿದ್ದಿದ.

ಆರು ವರ್ಷ.
ಊರಿನ ಪತ್ರಿಕೆ ವಿಕಿ ನೋಡಿ ಬರೆಯಿತು,
ವಿಕಿ ಆ ಪತ್ರಿಕೆಯನ್ನೇ ಆಧಾರ ಮಾಡಿಕೊಂಡಿತು.
ಭುಜಕ್ಕೆ ಭುಜ ಕೊಟ್ಟ ಇಬ್ಬರು ಕುಡುಕರು:
ಬೀಳಲೇ ಇಲ್ಲ.

ಫೆಬ್ರವರಿಯಲ್ಲಿ ತಾಯ್ಸ್ತೊ ಹೋದ.
ಶವಪೆಟ್ಟಿಗೆಯ ಪಕ್ಕ ನಿಂತು ಪಾದ್ರಿ
ಹಿಲ್ಪ ಬೆಕ್ಕಿನ ಕಥೆ ಹೇಳಿದರು.
ಜನ ಮೂಗೊರೆಸಿಕೊಂಡು ನಕ್ಕರು.
ಇಡೀ ಚರ್ಚಿನಲ್ಲಿ ಅದೊಂದೇ ಬೆಚ್ಚಗಿನ ಗಳಿಗೆ.
ಕಾಫಿಯ ಹೊತ್ತಿಗೆ ಅವನ ಮಗಳನ್ನು ಕೇಳಿದೆ:
ಹಿಲ್ಪ ಅಂತ ನಿಜವಾಗಿ ಇದ್ದರೇ?
‘ಇದ್ದರು. ಬೆಕ್ಕೆಂದರೆ ಪ್ರಾಣ. ಅಪ್ಪ ಹೇಳುತ್ತಿದ್ದ.’
ಚಮಚ ತಿರುವುವುದು ನಿಂತಿತು.
‘ಅಥವಾ ಎಲ್ಲೋ ಓದಿದೆನೋ.’

ಮನೆಗೆ ಬಂದು ಹಳೆಯ ನೋಟುಬುಕ್ಕು ತೆಗೆದೆ.
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು, ಅನ್ನುತ್ತಾರಲ್ಲ.
ನನ್ನದೇ ಅಕ್ಷರ, ನೀಲಿ ಪೆನ್ಸಿಲ್ಲು:
ಬೆಕ್ಕು, ಎಡಗಡೆ, ಸರಿ.
ಬೆಕ್ಕು, ಮೆಟ್ಟಿಲ ಮೇಲೆ, ಸರಿ.
ಮೂರು ಎಂದು ಒಂದು ಕಡೆಯೂ ಇಲ್ಲ.
ಒಂದೇ ಎನ್ನಿಸುವುದೇ ತಾನೆ ನನ್ನ ಕೆಲಸ?
ಚೆನ್ನಾಗಿ ಮಾಡಿದ್ದೇನೆ.

ದೀಪದ ಕೆಳಗೆ ಮಣಿಕಟ್ಟು ಹಿಡಿದೆ.
ಒಂದು ಬಿಳಿ ಗೆರೆ.
ಬೆಕ್ಕಿನದೋ,
ಆಮೇಲೆ ಯಾವತ್ತೋ ಬ್ರೆಡ್ಡಿನ ಚಾಕು ತಾಗಿದ್ದೋ.

ನನ್ನ ಸುಳ್ಳನ್ನಾದರೂ ಅಳಿಸೋಣವೆಂದು ವಿಕಿ ತೆರೆದೆ.
ಬೂಟು ಬಂತು.
ಸಾಸಿವೆಯನ್ನು ಹುಡುಕುತ್ತ ಕೂತಿದ್ದೇನೆ.