ನಾಲ್ಕನೆಯದು ಐದರ ಮೇಲೆ

ನಾನು ಮಾಜಾಳಿಯ ಮೇಸ್ತ, ದೋಣಿ ಕಟ್ಟುವವ.
ಮೂಳೆಯ ವಿಚಾರ ನನಗೆ ಗೊತ್ತಿಲ್ಲ.
ಆದರೂ ಕಾರವಾರದ ಆಸ್ಪತ್ರೆಯ ಬಿಳಿ ಬೆಳಕಿಗೆ
ಡಾಕ್ಟರು ಗುಲಾಬಿ ಅತ್ತಿಗೆಯ ಬೆನ್ನಿನ ಪಟ ಹಿಡಿದಾಗ
ಮೊದಲು ಕಂಡದ್ದು ಕೀಲು.

ನಾಲ್ಕನೆಯ ಮಣಿ ಐದನೆಯದರ ಮೇಲಿಂದ
ಆರು ಮಿಲಿಮೀಟರ್ ಮುಂದೆ ಜಾರಿ ನಿಂತಿದೆ,
ಪಾಳಿಯಲ್ಲಿ ತಾಳ್ಮೆಗೆಟ್ಟವರ ಹಾಗೆ.
ಆರು ಮಿಲಿಮೀಟರ್ ಅಂದರೆ
ನನ್ನ ಕಿವಿಗೆ ಸಿಕ್ಕಿಸಿದ ಪೆನ್ಸಿಲಿನ ದಪ್ಪವೂ ಇಲ್ಲ.
ಹಲಗೆಯಲ್ಲಾದರೆ ಅಷ್ಟನ್ನು
ಉಳಿಯಿಂದ ಎಬ್ಬಿಸಿ ಬಿಸಾಡುತ್ತೇನೆ.
ಅಷ್ಟಕ್ಕೇ ಈಕೆ ಬೈತಖೋಲದಿಂದ ಹಬ್ಬುವಾಡದ ತನಕ
ಏಳು ಕಡೆ ಕೂರುತ್ತಾಳೆ.

ಹಿಂದಿನ ಎರಡು ಪುಟ್ಟ ಕೀಲು ತೋರಿಸಿ ಡಾಕ್ಟರು ಹೇಳಿದರು:
ಕೆಲವರಿಗೆ ಇವು ಅಡ್ಡಕ್ಕೆ ಮುಖ ಮಾಡಿರುತ್ತವೆ,
ಬಾಗಿಲ ಹಿಂದಿನ ಅಗುಳಿಯಂತೆ, ಮುಂದೆ ಹೋಗಗೊಡುವುದಿಲ್ಲ.
ಇವರದು ಉದ್ದಕ್ಕೆ ತಿರುಗಿವೆ, ಮುಗಿದ ಕೈಯ ಹಾಗೆ.

ಮುಗಿದ ಕೈ ಯಾರನ್ನೂ ತಡೆಯುವುದಿಲ್ಲ, ಬಲ್ಲೆ.
ಮೇಜಿನ ಖಾನೆ ಜಾರುವುದು ಇದೇ ಕಸುಬಿನಿಂದ:
ಎರಡು ಪಟ್ಟಿ ಎದುರುಬದುರು, ಹಿಂದೆ ಮುಂದೆ ಸಲೀಸು.
ತಡೆ ಬೇಕೆಂದರೆ ಅಡ್ಡ ತುಂಡೊಂದನ್ನು ನಾವೇ ಬಡಿಯಬೇಕು.

"ಎಡದ್ದು ಬಲಕ್ಕಿಂತ ಇನ್ನೂ ಓರೆ," ಎಂದರು.
ಅತ್ತಿಗೆ ನಕ್ಕಳು: "ಎಡದ್ದು ನನ್ನ ಆಯಿ,
ಬಲದ್ದು ಅಪ್ಪ. ಅವರೂ ಒಂದು ದಿನ
ಒಂದೇ ಕಡೆ ಮುಖ ಮಾಡಿ ಕೂತವರಲ್ಲ."

ಕೇಳಬೇಕಾದ್ದು ಕೇಳಿದೆ:
ಹುಟ್ಟುವಾಗಲೇ ಹೀಗಿತ್ತೋ, ಸವೆದು ಹೀಗಾಯಿತೋ?
ಚುಕ್ಕಾಣಿಯ ತಿರುಗಣಿ ನೋಡಿದ್ದೇನೆ,
ಹತ್ತು ಮಳೆಗಾಲ ಕಳೆದು ಬಿಚ್ಚಿದರೆ
ತೂತು ದುಂಡಗಿರುವುದಿಲ್ಲ,
ಎಳೆದ ಕಡೆಗೆ ಉದ್ದವಾಗಿರುತ್ತದೆ.
ಕೊರೆದವನ ತಪ್ಪೋ, ನೀರಿನ ತಪ್ಪೋ,
ಆಮೇಲೆ ಯಾವ ಮೇಸ್ತನೂ ಆಣೆಯಿಟ್ಟು ಹೇಳಲಾರ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು.
ಆಕಾರ ಓರೆಯಿದ್ದರೆ ಭಾರ ಓರೆ ಬೀಳುತ್ತದೆ,
ಭಾರ ಓರೆ ಬಿದ್ದರೆ ಆಕಾರ ಸವೆಯುತ್ತದೆ.
ಯಾವುದು ಮೊದಲು, ನಮಗೂ ಪೂರ್ತಿ ತಿಳಿದಿಲ್ಲ.
ತಿಳಿದಿಲ್ಲ ಎಂದದ್ದಕ್ಕೇ ಅವರನ್ನು ನಂಬಿದೆ.

ಮೂವತ್ತನಾಲ್ಕು ವರ್ಷದ ಬಂಗಡೆ, ತಾರ್ಲೆ,
ಐಸ್ ನೀರು ಕುತ್ತಿಗೆಗೆ ಇಳಿಸುವ ಬುಟ್ಟಿ,
ಮೂರು ಹೆರಿಗೆ, ಸಕ್ಕರೆ ಕಾಯಿಲೆ,
ಪಟದಲ್ಲಿ ಇವು ಯಾವುವೂ ಇರಲಿಲ್ಲ.
ಕೀಲಿನ ಸಂದಿಯಲ್ಲಿ ಒಂದು ಬಿಳಿ ಗೆರೆ ಇತ್ತು,
ಸಡಿಲಾದ ಹಲಗೆ ನಡುವೆ ಕೂತ ನೀರಿನ ಹಾಗೆ.

ನೆಟ್ಟಗೆ ನಿಂತರೆ ಕಾಲು ಜೋಮು, ಬಾಗಿದರೆ ಆರಾಮ,
ಅಂದಿದ್ದಳು. ಬಾಗಿದರೆ ಆರಾಮ.
ಅದೊಂದನ್ನು ಅಳತೆಗೆ ಹಿಡಿದೆ.
ಭಾನುವಾರ, ಉಳಿದಿದ್ದ ಮತ್ತಿ ಹಲಗೆ,
ಹಳೇ ಸೈಕಲಿನ ಎರಡು ಚಕ್ರ;
ಹಿಡಿಯನ್ನು ಸೊಂಟಕ್ಕೆ ಸಮ,
ತುಸು ಬಾಗಲೇಬೇಕಾದಲ್ಲಿ ಇಟ್ಟೆ.

ಈಗ ಕೋಡಿಬಾಗದ ರಸ್ತೆಯಲ್ಲಿ ಗಾಡಿ ನೂಕುತ್ತಾಳೆ.
ಎರಡು ಕಡೆ ಕೂರುತ್ತಾಳೆ, ಒಮ್ಮೊಮ್ಮೆ ಮೂರು.
"ಎಡದ ಚಕ್ರ ಓರೆ ಓಡ್ತದಲ್ಲ ವಿಠೋಬಾ,"
ಎಂದು ನಿನ್ನೆಯೂ ದೂರು.
ನೋಡುತ್ತೇನೆ ಅಂದಿದ್ದೇನೆ.
ಇನ್ನೂ ನೋಡಿಲ್ಲ.