ಇರಬಹುದು

ಮೂರು ಖಾನೆ ಹಾಕ್ಕೊಂಡೇನಿ:
ಹೌದು. ಅಲ್ಲ. ಇರಬಹುದು.
ಸಪ್ತರ್ಷಿ ಮಂಡಲದ ಬಾಜೂಕ, ಒಂದು ಕೋಟಿ ಇಪ್ಪತ್ತು ಲಕ್ಷ
ಜ್ಯೋತಿರ್ವರ್ಷ ದೂರ, ಒಂದು ದೊಡ್ಡ ಗ್ಯಾಲಕ್ಸಿ;
ಅದರ ಓಣಿಯಾಗ ಎಷ್ಟು ಕುಬ್ಜ ಗ್ಯಾಲಕ್ಸಿ ಅದಾವ
ಎಣಿಸೂದು ನನ್ನ ಕೆಲಸ.
ಗೆಳತ್ಯಾರು ಕೇಳತಾರ, ಚುಕ್ಕಿ ನೋಡತೀಯೇನ?
ಇಲ್ಲವಾ.
ಚುಕ್ಕಿ ಎಲ್ಲಾ ಅಳಿಸಿದ ಮ್ಯಾಲೆ ಉಳಿದದ್ದು ನೋಡತೇನಿ.

ಧಾರವಾಡದಾಗ ಎರಡನೇ ಮಾಳಿಗಿ, ಕಿಟಕಿಗೆ ನನ್ನ ಹಳೇ ಓಢಣಿ,
ಪರದೆಯ ಮ್ಯಾಲೆ ಬೂದಿ ಬಣ್ಣದ ಆಕಾಶ.
ಅದರಾಗ ಎಲ್ಲೋ ಒಂದು ಮಸಕು.
ಅಪ್ಪ ಅರಳಿ ಹಿಂಜಿ ಎದ್ದು ಹೋದ ಮ್ಯಾಲೂ
ಬಾಗಿಲ ಬಿಸಲಿನಾಗ ತೇಲಕೋತ ನಿಂತಿರತಿತ್ತಲ್ಲ,
ಅಂಥಾದ್ದು.
ಕಣ್ಣ ನೆಟ್ಟರ ಇಲ್ಲ.
ಹಿಂದ ಸರದು ಕಣ್ಣ ಸಣ್ಣ ಮಾಡಿದರ ಐತಿ.

ಒಂದನ್ನ ಮೂರು ವಾರ ನೋಡಿದ್ದೆ,
ಹೆಸರೂ ಇಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ.
ಅದು ನಮ್ಮದ ಆಕಾಶಗಂಗೆಯ ಧೂಳು.
ಕೋಟಿ ದೂರದ ಮನಿ ಅಂತ ತಿಳಕೊಂಡು
ನಮ್ಮ ಅಂಗಳದ ಕಸ ಎಣಿಸಿದ್ದೆ.

ಮುಳಗುಂದ ಮೇಡಮ್ಮಾರು ನನಗ ಹೇಳದ
ಚಿತ್ರದೊಳಗ ಐನೂರು ಸುಳ್ಳು ಗ್ಯಾಲಕ್ಸಿ ಬಿತ್ತಿದ್ದರು,
ನನ್ನ ಕಣ್ಣ ಅಳೀಲಿಕ್ಕೆ.
ಮುನ್ನೂರಾ ತೊಂಬತ್ತೊಂದು ಹಿಡದೆ.
ಉಳಿದ ನೂರಾ ಒಂಬತ್ತರಾಗ ಎಷ್ಟೋ
ಬೆರಳಿಟ್ಟು ತೋರಿಸಿದ ಮ್ಯಾಲೂ ಕಾಣಲಿಲ್ಲ.
"ಇಲ್ಲ ಅಂತ ಬರೀಬ್ಯಾಡ ನಸೀಮಾ,
ಕಾಣಲಿಲ್ಲ ಅಂತ ಬರಿ."

ಈ ಮಾತು ನಮ್ಮ ಮನ್ಯಾಗ ಹಳೇದು.
ಕೇಶ್ವಾಪುರದಾಗ ಒಬ್ಬಾಕಿ, ಮಗಳ ಮದವಿ ಗಾದಿಗೆ
ಅಪ್ಪನ್ನ ಕರಿಸಿದ್ದಳು.
ಹತ್ತು ಕಿಲೋ ತೂಗಿ ಕೊಟ್ಟಳು, ಸಂಜಿಕೆ ತಿರಗಿ ತೂಗಿದಳು:
ಪಾವ ಕಿಲೋ ಕಮ್ಮಿ.
ಅಪ್ಪ ಬಿಲ್ಲು ಗೋಡಿಗೆ ಆನಿಸಿ ಇಟ್ಟ. ಕಸಬರಿಗಿ ಇಸಕೊಂಡ.
ಕಟ್ಟಿ, ಮೆಟ್ಟಲಾ, ಕರಿಬೇವಿನ ಎಲಿ,
ತಂತಿ ಮ್ಯಾಲಿನ ಹಸೀ ಅರಬಿ, ತನ್ನ ಎರಡೂ ಹುಬ್ಬು,
ಎಲ್ಲಾ ಬಳದು ಕೂಡಿಸಿ ತಕ್ಕಡಿಗೆ ಹಾಕಿದ.
ಇನ್ನೂ ನೂರು ಗ್ರಾಂ ಸಿಗವಲ್ತು.
"ಐತ್ರಿ ಅಕ್ಕಾರ, ಎಲ್ಲರೆ ಐತಿ. ಅರಳಿ ಎಲ್ಲಿ ಹೋಗತೈತಿ?"
ಆಕಿ ಕೂಲಿಯಾಗ ಮುರಕೊಂಡಳು.
ನಾನು ಆರು ವರ್ಷದಾಕಿ. ಅಪ್ಪ ಏನೋ ಕದ್ದಾನಂತ
ರಾತ್ರಿ ಅವನ ಕಿಸೆ ತಡವಿ ನೋಡಿದ್ದೆ.

ದೊಡ್ಡದರ ಸುತ್ತ ಸಣ್ಣವು ಇನ್ನೂ ಭಾಳ ಇರಬೇಕು ಅಂತ
ಕಂಪ್ಯೂಟರ್ ಕಟ್ಟಿದ ಲೆಕ್ಕ.
ಕಂಡದ್ದು ಕಮ್ಮಿ.
ಎಲ್ಲರೆ ಅದಾವ, ಇಲ್ಲಾ ತಕ್ಕಡಿ ತಪ್ಪೈತಿ.
ಪ್ರಬಂಧದಾಗ ಇಷ್ಟನ್ನ ಬರದೇನಿ,
ಇಂಗ್ಲೀಷಿನಾಗ, ನಾಕು ಪುಟ.

ನಿನ್ನೆ ಚಿಗರಿ ಬಸ್ಸಿನಾಗ ಉಣಕಲ್ಲ ಕೆರಿ ದಾಟೂಮುಂದ ಫೋನು.
ಹೋಗೂದ್ರಾಗ ಡಾಕ್ಟರು ಅಪ್ಪನ ಎದಿ ಫಿಲ್ಮು
ದೀಪಕ್ಕ ಸಿಗಿಸಿದ್ದರು.
ಬೂದಿ ಬಣ್ಣದ ಆಕಾಶ.
ಬಲಕ್ಕ, ಮೂರನೇ ಎಲುವಿನ ಕೆಳಗ—
ಒಂದು ಹೆಜ್ಜಿ ಹಿಂದ ಸರದೆ. ಕಣ್ಣ ಸಣ್ಣ ಮಾಡಿದೆ.
ಇತ್ತು.

"ಧೂಳಿರಬಹುದು. ಹಳೇ ಕಲಿ ಇರಬಹುದು.
ಫಿಲ್ಮಿನ ದೋಷಾನೂ ಇರಬಹುದು."
ಅಪ್ಪ ಅಂಗಿ ಗುಂಡಿ ಹಾಕ್ಕೋತ ನನ್ನ ಮಾರಿ ನೋಡಿದ,
ಮಗಳು ಇದನ್ನ ಓದ್ಯಾಳಂತ ಅಂವಗ ನಂಬಿಕಿ.
ನನ್ನ ಬಾಯಿಂದ ಬಂದದ್ದು ದಿನಾ ಕೇಳೂ ಪ್ರಶ್ನೆ:
ಇನ್ನೊಂದು ಫಿಲ್ಮಿನಾಗೂ ಇದ ಜಾಗಾಕ್ಕ ಐತೇನ್ರಿ?
"ಇನ್ನೊಂದು ತಗದ ಇಲ್ಲಲ್ಲವಾ," ಅಂದರು.

ಅಪ್ಪ ಹಾಕಿದ ಗುಂಡಿ ಒಂದೊಂದಾಗಿ
ಬಿಚ್ಚಲಿಕ್ಕೆ ಹತ್ತಿದ.