ಕೀಲಿ ತಿರುಗಿಸಬೇಡ

ನದಿ ಇಳಿದ ಮೂರನೆಯ ದಿನ, ಲಿಸ್ಮೋರಿನ ನಮ್ಮ ಓಣಿಯಲ್ಲಿ
ಮರ್ವ್ ಮೊದಲು ಕಿತ್ತುಕೊಂಡದ್ದು ನನ್ನ ಕೈಯ ಕೀಲಿ.
"ಒಂದೇ ಸಲ ನೋಡೋಣ ಅಂತೀಯ.
ಎಲ್ಲರೂ ಹಾಗೇ ಕೊಲ್ಲುವುದು."

ಬ್ಯಾಟರಿಯ ಕಪ್ಪು ತಂತಿ ಕಳಚಿದ.
ಆಯಿಲ್ ಕಡ್ಡಿ ಎಳೆದು ಬಿಸಿಲಿಗೆ ಹಿಡಿದ:
ಹಾಲು ಹೆಚ್ಚಾದ ಚಹಾ.
ಪ್ಲಗ್ಗು ಬಿಚ್ಚಿ ನನ್ನ ಇಡ್ಲಿ ತಟ್ಟೆಯ
ನಾಲ್ಕು ಕುಳಿಯಲ್ಲಿ ಕೂರಿಸಿದ,
ಒಂದರ ಜಾಗ ಇನ್ನೊಂದಕ್ಕೆ ಹೋಗದಂತೆ.

ನಾನು ಕಾರ್ಪೆಟ್ ಕಿತ್ತೆ. ಅಡಿಯಲ್ಲಿ ಬೆರಳುದ್ದ ಕೆಸರು,
ಯಾರದೋ ಮಗುವಿನ ಚಮಚ,
ಸ್ಟೆಪ್ನಿಯ ಗುಂಡಿಯಲ್ಲಿ ಜೀವಂತ ಸೀಗಡಿಯೊಂದು
ಇಕ್ಕುಳ ಎತ್ತಿ,
ಯಾರು ನೀನು, ಇಲ್ಲೇನು ಕೆಲಸ, ಅನ್ನುವ ಹಾಗೆ.

"ಇದು ಉಳಿಯುತ್ತದಾ?"
ಅವನು ತಲೆ ಎತ್ತಲಿಲ್ಲ.
"ನೀರು ಸೀಟಿನ ಕೆಳಗೇ ನಿಂತಿದೆ.
ದಾಟಿದ್ದರೆ ನಾನು ಬರುತ್ತಲೇ ಇರಲಿಲ್ಲ."

ರಾತ್ರಿ ಎರಡಕ್ಕೆ ಹಾರ್ನ್, ತಾನಾಗಿಯೇ.
ಎದ್ದು ಓಡಿದೆ. ನನ್ನದಲ್ಲ.
ಓಣಿಯ ತಗ್ಗಿನಲ್ಲಿ, ನೆತ್ತಿಯ ತನಕ ಮುಳುಗಿ ಎದ್ದ
ಮರ್ವ್‌ನ ಹಳೆಯ ಪಿಕಪ್ಪು.
ಅದರ ತಂತಿಯನ್ನು ಅವನು ಕಳಚಿರಲೇ ಇಲ್ಲ.

ಟಾರ್ಚ್ ಹಿಡಿದು ಬಂದ, ಲುಂಗಿಯಂತೆ ಟವೆಲ್ ಸುತ್ತಿಕೊಂಡು.
ಬಾನೆಟ್ ಎತ್ತಲಿಲ್ಲ.
ಕೂಗಿ ಮುಗಿಸಲಿ ಎಂದು
ಪಕ್ಕದಲ್ಲಿ ನಿಂತ.